ಪಾದರಸ ಚಾಪದ ರೆಕ್ಟಿಫೈಯರ್: ಆರಂಭದ ವಿನ್ಯಾಸ ಸುಧಾರಣೆಗಳು ಮತ್ತು ಶಿವನಸಮುದ್ರದ 25 ಸೈಕಲ್

1. ಪೀಠಿಕೆ

ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕೂಡಿದ ನೀರು ತಲಕಾಡಿನ ಮರಳದಿಬ್ಬಗಳ ಮಗ್ಗುಲಲ್ಲಿ ಹಾದು ಶಿವನಸಮುದ್ರದಲ್ಲಿ ಧುಮುಕುತ್ತದೆ. 1902ರ ಜೂನ್ 30ರಂದು ಆ ನೀರಿನಿಂದ ಹುಟ್ಟಿದ ವಿದ್ಯುತ್ತು 92 ಮೈಲಿ, ಎಂದರೆ ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಲುಪಿತು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದನ್ನು ಕಣ್ಣಾರೆ ಕಾಣಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. ಟರ್ಬೈನುಗಳು ಸ್ವಿಟ್ಜರ್‌ಲೆಂಡಿನ ಎಶರ್ ವಿಸ್ ಕಂಪನಿಯವು, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ತಲಾ 720 ಕಿಲೋವ್ಯಾಟಿನ ಆರು ಯಂತ್ರಗಳು ಸೆಕೆಂಡಿಗೆ 25 ಸೈಕಲ್‌ನ ಪರ್ಯಾಯ ವಿದ್ಯುತ್ತನ್ನು, ಎಂದರೆ ಎಸಿಯನ್ನು, ಕೊಡುತ್ತಿದ್ದವು.

ಅದೇ 1902ರಲ್ಲಿ ನ್ಯೂಯಾರ್ಕಿನಲ್ಲಿ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿ ತುಂಬಿದ ಗಾಜಿನ ಬುರುಡೆಯೊಂದನ್ನು ರೂಪಿಸಿದ. ಎಸಿಯನ್ನು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತಾಗಿ, ಎಂದರೆ ಡಿಸಿಯಾಗಿ, ಬದಲಿಸುವ ಸಾಧನ ಅದು. ನಮ್ಮ ಪಠ್ಯಪುಸ್ತಕಗಳು ಈ ಕೆಲಸವನ್ನು ದಿಷ್ಟೀಕರಣ ಎನ್ನುತ್ತವೆ. ಕೆಲಸಗಾರರ ಬಾಯಲ್ಲಿ ಸಾಧನದ ಹೆಸರು ರೆಕ್ಟಿಫೈಯರ್.

ಈ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವುದು ಈ ಲೇಖನದ ಉದ್ದೇಶ. ನನ್ನ ವಾದ ಇಷ್ಟು: ಶಿವನಸಮುದ್ರದ 25 ಸೈಕಲ್ ರೆಕ್ಟಿಫೈಯರ್ ಹುಟ್ಟುವುದಕ್ಕೆ ಮುಂಚಿನ ಲೋಕಕ್ಕೆ ಸೇರಿದ ಆಯ್ಕೆ. ಆ ಆಯ್ಕೆಗೆ ಆಧಾರವಾಗಿದ್ದ ಕಾರಣಗಳಲ್ಲಿ ಮುಖ್ಯವಾದ ಒಂದನ್ನು ಮುಂದಿನ ಮೂವತ್ತು ವರ್ಷಗಳಲ್ಲಿ ಪಾದರಸದ ರೆಕ್ಟಿಫೈಯರು ಇಲ್ಲವಾಗಿಸಿತು. ಅದನ್ನು ಸಾಧಿಸಿದ್ದು ಮೂಲ ಆವಿಷ್ಕಾರವೊಂದೇ ಅಲ್ಲ, ಅದರ ಬೆನ್ನಿಗೆ ಬಂದ ಸಣ್ಣ ಸಣ್ಣ ವಿನ್ಯಾಸ ಸುಧಾರಣೆಗಳು.

2. ರೆಕ್ಟಿಫೈಯರಿಗೆ ಮುಂಚೆ

ದೂರಕ್ಕೆ ಸಾಗಿಸಲು ಎಸಿಯೇ ಬೇಕು. ಟ್ರಾನ್ಸ್‌ಫಾರ್ಮರ್ ಅದರ ಒತ್ತಡವನ್ನು ಏರಿಸಿ ಇಳಿಸುತ್ತದೆ. ಆದರೆ ಬ್ಯಾಟರಿ ತುಂಬಲು, ಲೋಹಕ್ಕೆ ಲೇಪ ಕೊಡಲು ಡಿಸಿಯೇ ಆಗಬೇಕು. ಮದ್ರಾಸಿನಲ್ಲಿ 1895ರಿಂದ ಓಡುತ್ತಿದ್ದಂಥ ಟ್ರಾಮುಗಳಿಗೂ ಡಿಸಿಯೇ ಬೇಕಿತ್ತು. ಎರಡರ ನಡುವೆ ಆಗ ಇದ್ದ ಸೇತುವೆ ತಿರುಗುವ ಯಂತ್ರ: ಒಂದು ಮೋಟಾರು ಒಂದು ಡೈನಮೋವನ್ನು ತಿರುಗಿಸುವ ಜೋಡಿ, ಇಲ್ಲವೇ ಎರಡೂ ಕೆಲಸವನ್ನು ಒಂದೇ ಮೈಯಲ್ಲಿ ಮಾಡುವ ರೋಟರಿ ಕನ್ವರ್ಟರ್.

ರೋಟರಿ ಕನ್ವರ್ಟರಿಗೆ ಆವರ್ತನ ಕಡಿಮೆ ಇದ್ದಷ್ಟೂ ಒಳ್ಳೆಯದು. ಅದರ ಕಾಮ್ಯುಟೇಟರ್ ಎಂಬ ತಾಮ್ರದ ಉರುಳೆ ಅರ್ಧ ಸೈಕಲ್‌ನಲ್ಲಿ ಒಂದು ಬ್ರಷ್ ಸಾಲಿನಿಂದ ಮುಂದಿನ ಸಾಲಿಗೆ ಸರಿಯಬೇಕು. 25 ಸೈಕಲ್ ಆದರೆ ಅದಕ್ಕೆ ಸಿಗುವ ಕಾಲ ಸೆಕೆಂಡಿನ ಐವತ್ತನೇ ಒಂದು ಪಾಲು. 50 ಸೈಕಲ್ ಆದರೆ ನೂರನೇ ಒಂದು ಪಾಲು. ಉರುಳೆಯ ಅಂಚಿನ ವೇಗಕ್ಕೆ ಒಂದು ಮಿತಿ ಇದ್ದೇ ಇದೆ. ಹಾಗಾಗಿ ಆವರ್ತನ ಇಮ್ಮಡಿಯಾದರೆ ಬ್ರಷ್ ಸಾಲುಗಳ ನಡುವಿನ ಅಂತರ ಅರ್ಧವಾಗಬೇಕು. ಆ ಇಕ್ಕಟ್ಟಿನಲ್ಲಿ ಹಿಡಿಸುವ ತಾಮ್ರದ ಪಟ್ಟಿಗಳು ಕಡಿಮೆಯಾಗುತ್ತವೆ, ಪಟ್ಟಿಗೂ ಪಟ್ಟಿಗೂ ನಡುವಿನ ವೋಲ್ಟೇಜು ಹೆಚ್ಚುತ್ತದೆ, ಕಿಡಿ ಸುತ್ತಿಕೊಳ್ಳುತ್ತದೆ. ನಯಾಗರಾ ವಿದ್ಯುದಾಗಾರ 1895ರಲ್ಲಿ 25 ಸೈಕಲ್‌ನಲ್ಲಿ ಕೆಲಸ ಆರಂಭಿಸಿದ ಮೇಲೆ ದೊಡ್ಡ ಶಕ್ತಿಯ ಯೋಜನೆಗಳಿಗೆ ಅದೇ ಮಾದರಿಯಾಯಿತು. ಶಿವನಸಮುದ್ರಕ್ಕೆ ಬಂದ ಯಂತ್ರಗಳು ಆ ಪರಂಪರೆಯವು. ಬೆಂಗಳೂರಿಗೆ 1905ರಲ್ಲಿ, ಮೈಸೂರಿಗೆ 1908ರಲ್ಲಿ ದೀಪ ಬಂದಾಗಲೂ ತಂತಿಯಲ್ಲಿ ಹರಿದದ್ದು ಇದೇ 25 ಸೈಕಲ್.

3. ಚಾಪದ ಸ್ವಭಾವ

ಪಾದರಸಕ್ಕೂ ಇಂಗಾಲಕ್ಕೂ ನಡುವೆ ಹೊತ್ತಿದ ಚಾಪ, ಎಂದರೆ ಆರ್ಕ್, ಒಂದೇ ದಿಕ್ಕಿಗೆ ವಿದ್ಯುತ್ತನ್ನು ಬಿಡುತ್ತದೆ ಎಂಬುದನ್ನು ಫ್ರಾನ್ಸಿನ ಜಾಮ್ಯಾಂ ಮತ್ತು ಮನೂವ್ರಿಯೆ 1882ರಲ್ಲೇ ಗಮನಿಸಿದ್ದರು. ಕೂಪರ್ ಹೆವಿಟ್ ಅದನ್ನು ಬಳಕೆಯ ವಸ್ತುವಾಗಿಸಿದ. ಅವನ ದಾರಿ ದೀಪದಿಂದ ಹೊರಟಿತು. ಪಾದರಸದ ಆವಿಯ ದೀಪವನ್ನು ತಿದ್ದುತ್ತಿದ್ದಾಗ, ಕ್ಯಾಥೋಡ್ ಅಷ್ಟು ಸುಲಭವಾಗಿ ಕೆಲಸ ಶುರುಮಾಡುವುದಿಲ್ಲ, ಆದರೆ ಒಮ್ಮೆ ಶುರುವಾದರೆ ಧಾರಾಳವಾಗಿ ಇಲೆಕ್ಟ್ರಾನುಗಳನ್ನು ಕೊಡುತ್ತದೆ ಎಂಬುದು ಅವನಿಗೆ ತಿಳಿಯಿತು. ದೀಪಕ್ಕೆ ತೊಡಕಾಗಿದ್ದ ಆ ಮೊಂಡುತನವೇ ರೆಕ್ಟಿಫೈಯರಿಗೆ ಬಂಡವಾಳ.

ಕೆಲಸ ಮಾಡುತ್ತಿರುವ ಒಂದು ಗಾಜಿನ ಬುರುಡೆಯನ್ನು ಹತ್ತಿರದಿಂದ ನೋಡೋಣ. ಮೇಲೆ ದೊಡ್ಡ ಗೋಳ, ಕೆಳಗೆ ಪಾದರಸದ ಪುಟ್ಟ ಕೊಳ, ಬದಿಗಳಿಂದ ಹೊರಟು ಬಾಗಿದ ಗಾಜಿನ ತೋಳುಗಳು. ಒಂದೊಂದು ತೋಳಿನ ತುದಿಯಲ್ಲೂ ಒಂದು ಆನೋಡ್. ಕೊಳದ ಮೇಲೆ ಕಣ್ಣು ಕೋರೈಸುವ ಒಂದು ಬಿಳಿ ಚುಕ್ಕೆ ನಿಂತಲ್ಲಿ ನಿಲ್ಲದೆ ಓಡಾಡುತ್ತದೆ. ಇಲೆಕ್ಟ್ರಾನುಗಳು ಹೊರಡುವುದು ಅಲ್ಲಿಂದ. ಗೋಳದ ತುಂಬ ನೀಲಿ ನೇರಳೆ ಬೆಳಕು. ಚುಕ್ಕೆಯ ಬಿಸಿಗೆ ಆವಿಯಾದ ಪಾದರಸ ಮೇಲಿನ ತಣ್ಣನೆ ಗಾಜಿಗೆ ತಾಗಿ ಹನಿಗಟ್ಟಿ, ಗೋಡೆಯಗುಂಟ ಜಾರಿ ಮತ್ತೆ ಕೊಳ ಸೇರುತ್ತದೆ. ಸವೆಯುವ ಬ್ರಷ್ಷಿಲ್ಲ, ಎಣ್ಣೆ ಬೇಡುವ ಬೇರಿಂಗಿಲ್ಲ. ಕ್ಯಾಥೋಡ್ ತನ್ನನ್ನು ತಾನೇ ತುಂಬಿಕೊಳ್ಳುತ್ತದೆ. ಹೊಸಬರು ತಪ್ಪುವ ಒಂದು ಮಾತನ್ನು ಇಲ್ಲೇ ಹೇಳಬೇಕು: ಬುರುಡೆಯೊಳಗೆ ಕ್ಯಾಥೋಡ್ ಆದ ಈ ಕೊಳವೇ ಹೊರಗಿನ ಡಿಸಿ ತಂತಿಗೆ ಧನ ತುದಿ.

ಚಾಪದಲ್ಲಿ ಕಳೆದುಹೋಗುವ ವೋಲ್ಟೇಜು ಸುಮಾರು 20. ಹೊರೆ ಹೆಚ್ಚಾದರೂ ಅದು ಅಷ್ಟಾಗಿ ಬದಲಾಗುವುದಿಲ್ಲ. 110 ವೋಲ್ಟಿನ ಡಿಸಿಗೆ 130 ಹುಟ್ಟಬೇಕು, ಎಂದರೆ ಚಾಪದ ದಕ್ಷತೆ ಶೇ. 85ರ ಹತ್ತಿರ. 1500 ವೋಲ್ಟಾದರೆ ಅದೇ 20 ವೋಲ್ಟಿನ ನಷ್ಟ ಶೇ. 1.3ಕ್ಕೆ ಇಳಿಯುತ್ತದೆ. ಆದ್ದರಿಂದ ಈ ಸಾಧನದ ನಿಜವಾದ ನೆಲೆ ರೈಲ್ವೆಯಂಥ ಎತ್ತರದ ವೋಲ್ಟೇಜು. ಆದರೆ ಎತ್ತರಕ್ಕೆ ಹೋದಂತೆ ಅಪಾಯವೂ ಬೆಳೆಯಿತು. ವಿನ್ಯಾಸಗಾರರು ಬಿಡಿಸಬೇಕಾದ ಗಂಟುಗಳು ಮೂರು.

4. ಮೊದಲನೆಯದು: ಚಾಪ ಆರದಿರಬೇಕು

ಪ್ರವಾಹ ಒಂದು ಕ್ಷಣ ನಿಂತರೂ ಆ ಬಿಳಿ ಚುಕ್ಕೆ ಸಾಯುತ್ತದೆ. ಎಸಿಯಾದರೋ ಪ್ರತಿ ಸೈಕಲ್‌ನಲ್ಲೂ ಎರಡು ಬಾರಿ ಸೊನ್ನೆಗೆ ಇಳಿಯುತ್ತದೆ. ಎರಡು ಆನೋಡುಗಳನ್ನಿಟ್ಟು ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳಿಗೆ ಜೋಡಿಸಿದರೂ, ಒಂದು ಬಿಟ್ಟು ಇನ್ನೊಂದು ಹಿಡಿಯುವ ನಡುವೆ ಒಂದು ಸಂದು ಉಳಿಯುತ್ತದೆ. ಇದಕ್ಕೆ ಸಿಕ್ಕ ಪರಿಹಾರ ರಿಯಾಕ್ಟರ್, ಎಂದರೆ ಕಬ್ಬಿಣಕ್ಕೆ ಸುತ್ತಿದ ತಂತಿಯ ಸುರುಳಿ. ಇಳಿಯುವ ಪ್ರವಾಹವನ್ನು ಅದು ಎಳೆದು ಹಿಡಿದು, ಮುಂದಿನ ಆನೋಡ್ ಕೈಗೆತ್ತಿಕೊಳ್ಳುವವರೆಗೆ ನಿಲ್ಲಿಸಿಕೊಳ್ಳುತ್ತದೆ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಸ್ಟೈನ್‌ಮೆಟ್ಜ್ ಮತ್ತು ವೈನ್‌ಟ್ರಾಬ್ ಈ ದಿಕ್ಕಿನಲ್ಲಿ ದುಡಿದರು. ಹೊರೆ ತೀರ ಕಡಿಮೆಯಾದಾಗಲೂ ಚುಕ್ಕೆಯನ್ನು ಉಳಿಸಲು ಕೆಲವು ಆಂಪಿಯರಿನ ಪೋಷಕ ಆನೋಡುಗಳು ಬಂದವು. ಹೊತ್ತಿಸುವ ಕ್ರಮವೂ ಬದಲಾಯಿತು. ಮೊದಲು ಬುರುಡೆಯನ್ನು ವಾಲಿಸಿ, ಪಾದರಸದ ಎಳೆ ಪಕ್ಕದ ಆನೋಡನ್ನು ಮುಟ್ಟಿ ಬಿಟ್ಟಾಗ ಏಳುವ ಕಿಡಿಯಿಂದ ಚಾಪ ಹೊತ್ತಿಸುತ್ತಿದ್ದರು. ಮುಂದೆ ವಿದ್ಯುತ್ಕಾಂತದಿಂದ ಕೊಳಕ್ಕೆ ಅದ್ದಿ ಏಳುವ ಕಡ್ಡಿ ಆ ಕೆಲಸ ಮಾಡಿತು.

ಶಿವನಸಮುದ್ರದ ಪ್ರಶ್ನೆ ಇಲ್ಲಿ ಎದುರಾಗುತ್ತದೆ. ಸಂದು ಮುಚ್ಚಲು ಬೇಕಾದ ರಿಯಾಕ್ಟರಿನ ಗಾತ್ರ ಸಂದಿನ ಕಾಲಾವಧಿಯನ್ನು ಅವಲಂಬಿಸಿದೆ. 25 ಸೈಕಲ್‌ನಲ್ಲಿ ಆ ಅವಧಿ 50 ಸೈಕಲ್‌ಗಿಂತ ಇಮ್ಮಡಿ. ರಿಯಾಕ್ಟರೂ ಇಮ್ಮಡಿ ಬಲದ್ದಾಗಬೇಕು, ಟ್ರಾನ್ಸ್‌ಫಾರ್ಮರಿಗೂ ಹೆಚ್ಚು ಕಬ್ಬಿಣ ಬೇಕು. ಕಡಿಮೆ ಆವರ್ತನ ರೋಟರಿ ಕನ್ವರ್ಟರಿಗೆ ಕೊಟ್ಟ ಅನುಕೂಲವೇ ರೆಕ್ಟಿಫೈಯರಿಗೆ ಹೊರೆಯಾಯಿತು.

ಈ ಗಂಟಿಗೆ ಮೂಲದಲ್ಲೇ ಉತ್ತರ ಕೊಟ್ಟಿದ್ದು ಮೂರು ಫೇಸಿನ ಜೋಡಣೆ. ತಿರುಮಕೂಡಲಿನ ಸಂಗಮ ಬಲ್ಲವರಿಗೆ ಇದರ ಚಿತ್ರ ಸುಲಭ: ಬೇರೆ ಬೇರೆ ಹರಿವುಗಳು ಒಂದೇ ಮಡುವಿಗೆ ಬಂದು ಬೀಳುತ್ತವೆ, ಒಂದು ಬತ್ತುವ ಮೊದಲೇ ಇನ್ನೊಂದು ತುಂಬುತ್ತದೆ. ಆರು ಆನೋಡುಗಳು ಸರದಿಯಲ್ಲಿ ಹಿಡಿದಾಗ ಕೊಳಕ್ಕೆ ಬರುವ ಪ್ರವಾಹ ಸೊನ್ನೆಗೆ ಇಳಿಯುವುದೇ ಇಲ್ಲ. ಡಿಸಿಯ ಏರಿಳಿತವೂ ತಗ್ಗುತ್ತದೆ. ಎರಡು ಆನೋಡಿನ ಜೋಡಣೆಯಲ್ಲಿ ಸರಾಸರಿಯ ಶೇ. 48ರಷ್ಟಿರುವ ಏರಿಳಿತ ಮೂರು ಆನೋಡಿನಲ್ಲಿ ಶೇ. 18ಕ್ಕೆ, ಆರರಲ್ಲಿ ಶೇ. 4ರ ಆಸುಪಾಸಿಗೆ ಬರುತ್ತದೆ.

5. ಎರಡನೆಯದು: ಹಿಂದಕ್ಕೆ ಹೊಡೆಯದಿರಬೇಕು

ತನ್ನ ಸರದಿ ಮುಗಿಸಿ ಸುಮ್ಮನಿರಬೇಕಾದ ಆನೋಡಿನ ಮೇಲೆ ಆ ಬಿಳಿ ಚುಕ್ಕೆ ಹುಟ್ಟಿಕೊಂಡರೆ ಅದೂ ಕ್ಯಾಥೋಡ್ ಆಗಿಬಿಡುತ್ತದೆ. ಆಗ ಒಂದು ಫೇಸು ಇನ್ನೊಂದಕ್ಕೆ ನೇರವಾಗಿ ಶಾರ್ಟ್ ಆಗುತ್ತದೆ. ಇದೇ ಬ್ಯಾಕ್‌ಫೈರ್, ಈ ಸಾಧನದ ಇತಿಹಾಸದಲ್ಲಿ ಅತಿ ಹೆಚ್ಚು ತಲೆ ಕೆಡಿಸಿದ ದೋಷ. ಆನೋಡಿನ ಮೇಲೆ ಕೂತ ಪಾದರಸದ ಹನಿ, ಅತಿಯಾದ ಬಿಸಿ, ಲೋಹದೊಳಗಿನ ಕಲ್ಮಶ, ದಟ್ಟವಾದ ಆವಿ ಇವೆಲ್ಲ ಅದಕ್ಕೆ ಕಾರಣಗಳು.

ಬುರುಡೆಯ ತೋಳುಗಳನ್ನು ಬಾಗಿಸಿದ್ದು ಇದಕ್ಕಾಗಿ. ಕೊಳದಿಂದ ಚಿಮ್ಮುವ ಆವಿ ಮತ್ತು ಹನಿ ನೇರವಾಗಿ ಆನೋಡಿಗೆ ಬಡಿಯುವುದಿಲ್ಲ. ಒಂದು ಆನೋಡಿನಿಂದ ಇನ್ನೊಂದಕ್ಕೆ ನೇರ ದಾರಿಯೂ ಇರುವುದಿಲ್ಲ. ಉಕ್ಕಿನ ತೊಟ್ಟಿಗಳಲ್ಲಿ ಈ ಕೆಲಸವನ್ನು ಆನೋಡಿನ ಸುತ್ತಲ ಕೊಳವೆಗಳೂ ಅಡ್ಡ ತಟ್ಟೆಗಳೂ ಮಾಡಿದವು. ಕಬ್ಬಿಣದ ಆನೋಡಿನ ಜಾಗಕ್ಕೆ ಗ್ರಾಫೈಟ್ ಬಂತು. ಅದು ಕರಗುವುದಿಲ್ಲ, ಕಪ್ಪು ಮೈಯಿಂದ ಬಿಸಿಯನ್ನು ಬೇಗ ಹೊರಗೆ ಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತಂಪು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾದರಸದ ಆವಿಯ ಒತ್ತಡ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತುಸು ಹೆಚ್ಚು. 60 ಡಿಗ್ರಿಯಲ್ಲಿ ಸಾವಿರದ 25 ಪಾಲು. ನಲವತ್ತು ಡಿಗ್ರಿಯ ಏರಿಕೆಗೆ ಇಪ್ಪತ್ತು ಪಟ್ಟು ಆವಿ. ಗೋಳ ಅಷ್ಟು ದೊಡ್ಡದಾಗಿರುವುದು ಆವಿಗೆ ತಣ್ಣನೆಯ ಗೋಡೆ ಸಿಗಲೆಂದು. ಯೂರೋಪಿನ ಚಳಿಗೆ ಲೆಕ್ಕ ಹಾಕಿದ ಫ್ಯಾನು ಏಪ್ರಿಲ್ ತಿಂಗಳ ಕಪಿಲಾ ಬಯಲಿನ ಬಿಸಿಲಿಗೆ ಸಾಲದು ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಬಿಸಿ ನಾಡಿನ ಎಂಜಿನಿಯರಿಗೆ ತಂಪಿನ ಲೆಕ್ಕ ವಿನ್ಯಾಸದ ನಡುಮನೆಯಲ್ಲೇ ಇರಬೇಕು.

6. ಮೂರನೆಯದು: ನಿರ್ವಾತ ಕೆಡದಿರಬೇಕು

ಗಾಜಿಗೆ ಮಿತಿ ಇತ್ತು. ಲೋಹದ ತಂತಿ ಗಾಜನ್ನು ಹೊಕ್ಕಲ್ಲಿ ಬಿಸಿಗೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಸೀಳು ಬಿಡುತ್ತದೆ, ಗಾಳಿ ನುಗ್ಗುತ್ತದೆ. ದೊಡ್ಡ ಪ್ರವಾಹಕ್ಕೆ ಉಕ್ಕಿನ ತೊಟ್ಟಿಯೇ ಬೇಕಾಯಿತು. ಅಮೆರಿಕದಲ್ಲಿ ವೆಸ್ಟಿಂಗ್‌ಹೌಸ್ ಈ ಪ್ರಯತ್ನ ನಡೆಸಿತು. ಯೂರೋಪಿನಲ್ಲಿ ಬೇಲಾ ಶೇಫರ್ ಅದನ್ನು 1910ರ ಸುಮಾರಿಗೆ ಬಳಕೆಗೆ ಬರುವಂತೆ ರೂಪಿಸಿದ. 1913ರ ಹೊತ್ತಿಗೆ ಸ್ವಿಟ್ಜರ್‌ಲೆಂಡಿನ ಬ್ರೌನ್ ಬೊವೆರಿ ಆ ದಾರಿಯನ್ನು ಕೈಗೆತ್ತಿಕೊಂಡಿತು. ನೀರು ಹರಿಯುವ ಇಮ್ಮಡಿ ಗೋಡೆ, ಪಿಂಗಾಣಿಯ ಇನ್ಸುಲೇಟರು, ಕೀಲುಗಳ ಸುತ್ತ ಪಾದರಸವನ್ನೇ ತುಂಬಿ ಮಾಡಿದ ಸೀಲು ಇವು ಆ ಹಂತದ ಸುಧಾರಣೆಗಳು. ಉಕ್ಕು ತನ್ನೊಳಗೆ ಅಡಗಿದ ಅನಿಲವನ್ನು ನಿಧಾನವಾಗಿ ಬಿಡುತ್ತಿದ್ದುದರಿಂದ ಪಂಪು ಸದಾ ನಡೆಯಬೇಕಿತ್ತು. ಗೇಡೆ ಮತ್ತು ಲ್ಯಾಂಗ್‌ಮ್ಯೂರ್ 1915–16ರಲ್ಲಿ ರೂಪಿಸಿದ ಪಾದರಸ ಆವಿಯ ಪಂಪು ಅದನ್ನು ಸಾಧ್ಯವಾಗಿಸಿತು. ಆಮೇಲೆ ಪಂಪೇ ಬೇಡದ, ಮುಚ್ಚಿದ ಉಕ್ಕಿನ ತೊಟ್ಟಿಗಳೂ ಬಂದವು.

ಈ ಮೂರು ಗಂಟುಗಳು ಸಡಿಲವಾದ ಮೇಲೆಯೇ ಮುಂದಿನ ಹೆಜ್ಜೆ. ಆನೋಡಿನ ಮುಂದೆ ಗ್ರಿಡ್ ಇಟ್ಟು ಹಿಡಿಯುವ ಕ್ಷಣವನ್ನು ತಡಮಾಡುವುದರಿಂದ ವೋಲ್ಟೇಜು ಕೈಗೆ ಸಿಕ್ಕಿತು. ಪ್ರತಿ ಸೈಕಲ್‌ಗೂ ಹೊಸದಾಗಿ ಚಾಪ ಹೊತ್ತಿಸುವ ಇಗ್ನಿಟ್ರಾನ್ ವೆಸ್ಟಿಂಗ್‌ಹೌಸ್‌ನ ಸ್ಲೇಪಿಯನ್ ಅವರಿಂದ 1933ರಲ್ಲಿ ಬಂತು. ಸ್ವೀಡನ್ನಿನ ಊನೊ ಲಾಮ್ ಆನೋಡಿನ ಮುಂದೆ ಹಲವು ಎಲೆಕ್ಟ್ರೋಡುಗಳನ್ನು ಸಾಲಾಗಿ ಇಟ್ಟು ವೋಲ್ಟೇಜನ್ನು ಹಂಚಿದರು. ಅದರ ಬಲದಿಂದ 1954ರಲ್ಲಿ ಆ ದೇಶದ ಗಾಟ್‌ಲೆಂಡ್ ದ್ವೀಪಕ್ಕೆ ಸಮುದ್ರದಡಿಯಲ್ಲಿ ಡಿಸಿ ಸಾಗಿತು.

7. ಉಪಸಂಹಾರ

ರೋಟರಿ ಕನ್ವರ್ಟರು ಆವರ್ತನಕ್ಕೆ ಕಟ್ಟುಬಿದ್ದಿತ್ತು. ಸುಧಾರಿಸಿದ ರೆಕ್ಟಿಫೈಯರಿಗೆ ಆ ಕಟ್ಟಿಲ್ಲ. 25 ಕೊಟ್ಟರೂ 50 ಕೊಟ್ಟರೂ ಅದು ಡಿಸಿಯನ್ನೇ ಕೊಡುತ್ತದೆ, 50ರಲ್ಲಿ ಕಡಿಮೆ ಕಬ್ಬಿಣದಿಂದ ಕೊಡುತ್ತದೆ. ಕಡಿಮೆ ಆವರ್ತನದ ಪರವಾಗಿದ್ದ ಬಲವಾದ ವಾದ ಹೀಗೆ ಕುಸಿಯಿತು. 1948ರಲ್ಲಿ ಜೋಗದ ವಿದ್ಯುದಾಗಾರ 50 ಸೈಕಲ್‌ನಲ್ಲಿ ಕೆಲಸ ಆರಂಭಿಸಿದಾಗ ಮೈಸೂರು ಸಂಸ್ಥಾನದಲ್ಲಿ ಎರಡು ಯುಗಗಳು ಅಕ್ಕಪಕ್ಕ ನಿಂತವು. ಕೊನೆಗೆ ಉಳಿದದ್ದು 50. ಈ ಬದಲಾವಣೆಗೆ ದೀಪದ ಮಿಣುಕು, ಟ್ರಾನ್ಸ್‌ಫಾರ್ಮರಿನ ಬೆಲೆ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಶಿವನಸಮುದ್ರದ ಚರಿತ್ರೆ ಬರೆಯುವವರು 25 ಎಂಬ ಅಂಕಿಯನ್ನು ಬರಿಯ ವಿವರವಾಗಿ ದಾಟಿ ಹೋಗಬಾರದು. ಎಸಿಯನ್ನು ಡಿಸಿ ಮಾಡಲು ತಿರುಗುವ ಯಂತ್ರವೊಂದೇ ಗತಿಯಾಗಿದ್ದ ಕಾಲ ಆ ಅಂಕಿಯಲ್ಲಿ ಉಳಿದುಕೊಂಡಿದೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಇಂದು ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡುಗಳು ತಯಾರಾಗುತ್ತವೆ. ಬೋರ್ಡಿನ ಸೂಜಿಗಣ್ಣಿನಂಥ ರಂಧ್ರಗಳ ಒಳಗೋಡೆಗೆ ತಾಮ್ರ ಕೂರಿಸುವ ಲೇಪನಕ್ಕೆ ಬೇಕಾದದ್ದು ಡಿಸಿ. ಅದನ್ನು ಈಗ ಕೊಡುವುದು ಸಿಲಿಕಾನ್. ವಿಷವಾದ ಪಾದರಸ ಆ ಕೆಲಸದಿಂದ ಹಿಂದೆ ಸರಿದಿದ್ದು ಒಳ್ಳೆಯದೇ ಆಯಿತು. ಆದರೆ ಸಿಲಿಕಾನ್ ಸಾಧನವನ್ನು ಆರಿಸುವ ಎಂಜಿನಿಯರು ಇಂದಿಗೂ ಮೊದಲು ನೋಡುವುದು ಅದು ಎಷ್ಟು ವೋಲ್ಟಿನವರೆಗೆ ಹಿಮ್ಮುಖ ಪ್ರವಾಹವನ್ನು ತಡೆಯುತ್ತದೆ, ಎಷ್ಟು ಬಿಸಿಯನ್ನು ತಾಳುತ್ತದೆ ಎಂಬುದನ್ನೇ. ಈ ಎರಡು ಪ್ರಶ್ನೆಗಳನ್ನು ಬಾಗಿದ ಗಾಜಿನ ತೋಳುಗಳನ್ನು ಊದಿದವರು ನೂರು ವರ್ಷಗಳ ಹಿಂದೆಯೇ ಕೇಳಿಕೊಂಡಿದ್ದರು.