ಒಂದೇ ಆಕ್ಸಿಜನ್ನಿನ ಅಂತರ
ಜಿನನಾಥಪುರದ ತೆಂಗಿನ ಮರಕ್ಕೂ ಅದರಡಿ ಮೇಯುವ ಹಸುವಿಗೂ ವಂಶವಾಹಿ ಡಿಎನ್‌ಎ; ಹಸುವಿಗೆ ತಗಲುವ ಕಾಲುಬಾಯಿ ಜ್ವರದ ವೈರಸ್ಸಿಗೆ ಮಾತ್ರ ಆರ್‌ಎನ್‌ಎ. ಎರಡರ ಬೆನ್ನೆಲುಬಿನಲ್ಲೂ ಐದು ಕಾರ್ಬನ್ನಿನ ಸಕ್ಕರೆಯೇ ಇದೆ. ಆರ್‌ಎನ್‌ಎಯ ರೈಬೋಸಿನಲ್ಲಿ ಎರಡನೆಯ ಕಾರ್ಬನ್ನಿಗೆ ಹೈಡ್ರಾಕ್ಸಿಲ್ (ಒಂದು ಆಕ್ಸಿಜನ್, ಒಂದು ಹೈಡ್ರೋಜನ್) ಅಂಟಿಕೊಂಡಿದೆ; ಡಿಎನ್‌ಎಯ ಡಿಆಕ್ಸಿರೈಬೋಸಿನಲ್ಲಿ ಆ ಜಾಗದಲ್ಲಿ ಬರೀ ಹೈಡ್ರೋಜನ್. ಈ ಹೈಡ್ರಾಕ್ಸಿಲ್ ಸಕ್ಕರೆಗಳನ್ನು ಬೆಸೆಯುವ ಪಕ್ಕದ ಫಾಸ್ಫೇಟಿನ ಮೇಲೆರಗಿ ಸರಪಳಿಯನ್ನೇ ಕಡಿಯಬಲ್ಲದು. ಕ್ಷಾರದ ದ್ರಾವಣದಲ್ಲಿಟ್ಟರೆ ಆರ್‌ಎನ್‌ಎ ಚೂರುಚೂರಾಗುತ್ತದೆ, ಡಿಎನ್‌ಎ ಎಳೆ ಉಳಿಯುತ್ತದೆ.

ಹಾಗಿದ್ದರೆ ವೈರಸ್ ಇಂಥ ಬೇಗ ಮುರಿಯುವ ಆರ್‌ಎನ್‌ಎಯನ್ನು ನೆಚ್ಚಿದ್ದೇಕೆ? ಅದಕ್ಕೆ ಕಾಪಾಡಬೇಕಾದದ್ದು ಸುಮಾರು 8,400 ವಂಶವಾಹಿ ಅಕ್ಷರ, ಅದೂ ಪ್ರೋಟೀನಿನ ಚಿಪ್ಪಿನೊಳಗೆ. ಹಸುವಿನದೋ ಸುಮಾರು 270 ಕೋಟಿ. ಉದ್ದ ಬೆಳೆದಷ್ಟೂ ಕಡಿಯುವ ಜಾಗಗಳೂ ಹೆಚ್ಚುತ್ತವೆ. ಹಾಗೆಂದು ವ್ಯತ್ಯಾಸವೆಲ್ಲ ಗಟ್ಟಿತನದ್ದೇ ಎನ್ನುವುದು ಅರ್ಧ ಮಾತು, ಆಕಾರವೂ ಬೇರೆಯಾಗುತ್ತದೆ. ರೈಬೋಸಿನ ಉಂಗುರ ಹೆಚ್ಚಾಗಿ ಒಂದೇ ಬಗೆಯಲ್ಲಿ ಬಾಗಿರುತ್ತದೆ, ಡಿಆಕ್ಸಿರೈಬೋಸಿಗೆ ಅಷ್ಟು ಬಿಗಿಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಾಮಿತ್ರ, ಕೇಂಬ್ರಿಜ್‌ನ ಓಲ್ಗಾ ಕೆನಾರ್ಡ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ನಾಲ್ಕಕ್ಷರದ ಡಿಎನ್‌ಎ ಸ್ಫಟಿಕದಲ್ಲಿ ಅಡೆನಿನ್ ಎಂಬ ಅಕ್ಷರ ಹೊತ್ತ ಸಕ್ಕರೆ ಆರ್‌ಎನ್‌ಎಯಲ್ಲಿರುವಂತೆ ಬಾಗಿತ್ತು, ಥೈಮಿನ್ ಹೊತ್ತದ್ದು ಬೇರೆ ಬಗೆಯಲ್ಲಿ.