ಹಳೇ ಚಮಚದ ಹಿಂದೆ ಸಿಂಹದ ಗುರುತಿದ್ದರೆ ಅದು ಅಪ್ಪಟ ಬ್ರಿಟಿಷ್ ಬೆಳ್ಳಿಯೇ? ಮುದ್ರೆ ಓದುವುದು ಹೀಗೆ

"ಹಳೇ ಚಮಚದ ಹಿಂದೆ ಸಿಂಹ ಇದ್ದರೆ ಅದು ಅಪ್ಪಟ ಬ್ರಿಟಿಷ್ ಬೆಳ್ಳಿ, ಲಕ್ಷಗಟ್ಟಲೆ ಬೆಲೆ." "ರಾಣಿಯ ತಲೆ ಇದ್ದರೆ ಅದು ಅರಮನೆಯ ಸಾಮಾನು." "ಅಯಸ್ಕಾಂತಕ್ಕೆ ಅಂಟದಿದ್ದರೆ ಬೆಳ್ಳಿ ಗ್ಯಾರಂಟಿ." ಹಳೇ ಸಾಮಾನಿನ ಫೋಟೋಗಳ ಜತೆ ಇಂಥ ಮಾತುಗಳು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ದಾಟುತ್ತಲೇ ಇರುತ್ತವೆ. ಈ ಮೂರರಲ್ಲಿ ಒಂದೂ ಪೂರ್ತಿ ನಿಜವಲ್ಲ.

ನಂಬಿದರೆ ನಷ್ಟ ಎರಡು ಕಡೆಯಿಂದ. ಬೆಳ್ಳಿ ಮುಲಾಮಿನ ಸಾಮಾನಿಗೆ ಬೆಳ್ಳಿಯ ಬೆಲೆ ಕೊಟ್ಟು ಕೈಸುಟ್ಟುಕೊಳ್ಳುವುದು ಒಂದು. ನಿಜವಾದ ಹಳೇ ಬೆಳ್ಳಿಯನ್ನು ಗುರುತಿಸಲಾಗದೆ ತೂಕದ ಲೆಕ್ಕದಲ್ಲಿ ಕರಗಿಸಲು ಕೊಟ್ಟುಬಿಡುವುದು ಇನ್ನೊಂದು. ಎರಡನ್ನೂ ತಪ್ಪಿಸುವ ಮಾಹಿತಿ ಆ ಸಾಮಾನಿನ ಮೇಲೆಯೇ, ಅಕ್ಕಿಕಾಳಿನಷ್ಟು ಗಾತ್ರದ ಮುದ್ರೆಗಳಲ್ಲಿ ಇರುತ್ತದೆ. ಅದನ್ನು ಓದುವುದು ಹೇಗೆಂದು ನೋಡೋಣ.

ಹಾಲ್‌ಮಾರ್ಕ್ ಎಂಬ ಹೆಸರು ಬಂದದ್ದು ಎಲ್ಲಿಂದ?

ಅಪ್ಪಟ ಬೆಳ್ಳಿ ಮೆತ್ತಗಿರುತ್ತದೆ. ಚಮಚ, ತಟ್ಟೆ ಮಾಡಲು ಅದಕ್ಕೆ ತಾಮ್ರ ಬೆರೆಸಲೇಬೇಕು. ಎಷ್ಟು ಬೆರೆಸಿದ್ದಾರೆ ಎಂಬುದು ಕಣ್ಣಿಗೆ ಕಾಣದು. ಮೋಸ ಹುಟ್ಟುವುದು ಇಲ್ಲೇ. ಅದಕ್ಕಾಗಿ 1300ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಕಾನೂನು ತಂದ. ಬೆಳ್ಳಿ ಸಾಮಾನು ಪರೀಕ್ಷೆಯಾಗಿ ಚಿರತೆ ತಲೆಯ ಮುದ್ರೆ ಬಿದ್ದ ಮೇಲೆಯೇ ಮಾರಾಟವಾಗಬೇಕು ಎಂಬುದು ನಿಯಮ. ಮುಂದೆ ಲಂಡನ್ನಿನ ಅಕ್ಕಸಾಲಿಗರ ಸಂಘದ ಭವನವಾದ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿ ಪರೀಕ್ಷೆ ಮಾಡಿ ಮುದ್ರೆ ಒತ್ತುವ ಪದ್ಧತಿ ಬಂತು. 'ಹಾಲ್'ನಲ್ಲಿ ಒತ್ತಿದ 'ಮಾರ್ಕ್' ಆದ್ದರಿಂದ ಹಾಲ್‌ಮಾರ್ಕ್.

ಅಂದರೆ ಇದು ತಯಾರಕ ತನ್ನ ಮಾಲನ್ನು ತಾನೇ ಹೊಗಳಿಕೊಂಡ ಗುರುತಲ್ಲ. ಮೂರನೆಯವರು ಒರೆಗೆ ಹಚ್ಚಿ ನೋಡಿ ಕೊಟ್ಟ ಪ್ರಮಾಣಪತ್ರ.

ಹುಡುಕಬೇಕಾದ ಐದು ಗುರುತುಗಳು

ಒಂದೇ ಮುದ್ರೆ ನೋಡಿ ತೀರ್ಮಾನಕ್ಕೆ ಬರಬೇಡಿ. ಬ್ರಿಟಿಷ್ ಬೆಳ್ಳಿಯಲ್ಲಿ ಸಾಮಾನ್ಯವಾಗಿ ನಾಲ್ಕೈದು ಗುರುತುಗಳು ಒಟ್ಟಿಗೆ ಇರುತ್ತವೆ.

*1. ಶುದ್ಧತೆಯ ಗುರುತು.* ಎಡಕ್ಕೆ ಮುಖ ಮಾಡಿ, ಮುಂಗಾಲು ಎತ್ತಿ ನಡೆಯುತ್ತಿರುವ ಸಿಂಹ. 1544ರಿಂದ ಬಳಕೆಯಲ್ಲಿದೆ. 1000 ಭಾಗದಲ್ಲಿ 925 ಭಾಗ ಬೆಳ್ಳಿ, ಅಂದರೆ 'ಸ್ಟರ್ಲಿಂಗ್' ಎಂಬುದು ಇದರ ಅರ್ಥ. 100 ಗ್ರಾಂ ತೂಕದ ಸಾಮಾನಿನಲ್ಲಿ 92.5 ಗ್ರಾಂ ಬೆಳ್ಳಿ. 1697ರಿಂದ 1720ರವರೆಗೆ ಮಾತ್ರ ಸಿಂಹದ ಬದಲು ಕುಳಿತ ಸ್ತ್ರೀಯ ಚಿತ್ರ, ಅಂದರೆ ಬ್ರಿಟಾನಿಯಾ ಗುರುತು ಕಡ್ಡಾಯವಿತ್ತು. ಅಕ್ಕಸಾಲಿಗರು ಬೆಳ್ಳಿ ನಾಣ್ಯಗಳನ್ನು ಕರಗಿಸಿ ಸಾಮಾನು ಮಾಡುವುದನ್ನು ತಡೆಯಲು ಸರ್ಕಾರ ಸಾಮಾನಿನ ಬೆಳ್ಳಿಯ ಮಟ್ಟವನ್ನು ನಾಣ್ಯಕ್ಕಿಂತ ಮೇಲಕ್ಕೆ, 958ಕ್ಕೆ ಏರಿಸಿತ್ತು. 1720ರ ನಂತರ ಈ ಮಟ್ಟ ಐಚ್ಛಿಕವಾಯಿತು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1759ರಿಂದ ಸಿಂಹದ ಬದಲು ಥಿಸಲ್ ಎಂಬ ಮುಳ್ಳುಗಿಡದ ಹೂವು ಇತ್ತು. 1975ರಿಂದ ಅಲ್ಲಿ ಹಿಂಗಾಲ ಮೇಲೆ ನಿಂತ ಸಿಂಹ ಬಂತು.

*2. ಊರಿನ ಗುರುತು.* ಯಾವ ಪರೀಕ್ಷಾ ಕಚೇರಿ ಎಂದು ಹೇಳುತ್ತದೆ. ಚಿರತೆಯ ತಲೆ ಲಂಡನ್. ಲಂಗರು ಬರ್ಮಿಂಗ್‌ಹ್ಯಾಮ್. ಕಿರೀಟ ಶೆಫೀಲ್ಡ್ (1975ರಿಂದ ಗುಲಾಬಿ). ಮೂರು ಗೋಪುರದ ಕೋಟೆ ಎಡಿನ್‌ಬರೋ. ಈ ನಾಲ್ಕು ಕಚೇರಿಗಳು ಈಗಲೂ ಇವೆ. ಮುಚ್ಚಿಹೋದವುಗಳಲ್ಲಿ ಚೆಸ್ಟರ್‌ನದು ಮೂರು ಗೋಧಿ ತೆನೆಯ ಕಟ್ಟುಗಳ ನಡುವೆ ಕತ್ತಿ, ಗ್ಲಾಸ್ಗೋದ್ದು ಮರ, ಹಕ್ಕಿ, ಗಂಟೆ, ಮೀನು ಎಲ್ಲ ಸೇರಿದ ಚಿತ್ರ.

ಸಮುದ್ರ ದೂರವಿರುವ ಬರ್ಮಿಂಗ್‌ಹ್ಯಾಮಿಗೆ ಲಂಗರು ಏಕೆ? ಅಲ್ಲಿನ ಉದ್ಯಮಿ ಮ್ಯಾಥ್ಯೂ ಬೌಲ್ಟನ್ ಪ್ರತಿ ಸಾಮಾನನ್ನೂ ಮುದ್ರೆಗಾಗಿ ದೂರದ ಚೆಸ್ಟರ್‌ಗೆ ಕಳಿಸಿ ಬೇಸತ್ತು, ತನ್ನ ಊರಿಗೇ ಕಚೇರಿ ಬೇಕೆಂದು ಪಟ್ಟುಹಿಡಿದ. 1773ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಶೆಫೀಲ್ಡ್ ಎರಡಕ್ಕೂ ಕಚೇರಿ ಸಿಕ್ಕಿತು. ಇದಕ್ಕಾಗಿ ಓಡಾಡಿದವರು ಲಂಡನ್ನಿನಲ್ಲಿ ಸೇರುತ್ತಿದ್ದದ್ದು 'ಕ್ರೌನ್ ಅಂಡ್ ಆ್ಯಂಕರ್' ಎಂಬ ಪಾನಗೃಹದಲ್ಲಿ. ಕಿರೀಟ ಒಬ್ಬರಿಗೆ, ಲಂಗರು ಇನ್ನೊಬ್ಬರಿಗೆ ಹಂಚಿಕೆಯಾದದ್ದು ಹೀಗೆ ಎಂಬ ಕಥೆ ಬಹಳ ಕಾಲದಿಂದ ಪ್ರಚಲಿತವಿದೆ.

*3. ವರ್ಷದ ಅಕ್ಷರ.* 1478ರಲ್ಲಿ ಲಂಡನ್ನಿನಲ್ಲಿ ಆರಂಭ. ವರ್ಷಕ್ಕೊಂದು ಇಂಗ್ಲಿಷ್ ಅಕ್ಷರ. 1975ಕ್ಕೆ ಮೊದಲು ಲಂಡನ್ನಿನಲ್ಲಿ 20 ಅಕ್ಷರ ಮುಗಿದ ಮೇಲೆ ಮತ್ತೆ 'ಎ'ಯಿಂದ ಶುರುವಾಗುತ್ತಿತ್ತು. ಆದರೆ ಅಕ್ಷರದ ಶೈಲಿ ಅಥವಾ ಸುತ್ತಲಿನ ಚೌಕಟ್ಟಿನ ಆಕಾರ ಬದಲಾಗುತ್ತದೆ. ಆಗ ಒಂದೊಂದು ಊರಿನ ಲೆಕ್ಕ ಒಂದೊಂದು ಥರ ಇತ್ತು. ಹಾಗಾಗಿ ಊರು ಗೊತ್ತಾಗದೆ ಅಕ್ಷರ ಓದಿದರೆ ವರ್ಷ ತಪ್ಪುತ್ತದೆ. 1975ಕ್ಕೆ ಮೊದಲು ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಲ್ಲ, ವರ್ಷದ ನಡುವೆ. ಆದ್ದರಿಂದಲೇ ತಿಳಿದವರು '1816-17' ಎಂದು ಎರಡು ವರ್ಷ ಸೇರಿಸಿ ಬರೆಯುತ್ತಾರೆ.

*4. ರಾಜ ಅಥವಾ ರಾಣಿಯ ತಲೆ.* ಇದು ಅರಮನೆಯ ಗುರುತಲ್ಲ, ತೆರಿಗೆ ಕಟ್ಟಿದ ಗುರುತು! 1784ರಿಂದ 1890ರವರೆಗೆ ಬೆಳ್ಳಿ ಸಾಮಾನಿನ ಮೇಲೆ ಸುಂಕವಿತ್ತು. ಕಟ್ಟಿದ್ದಕ್ಕೆ ರಸೀದಿಯಂತೆ ಈ ತಲೆಯನ್ನು ಒತ್ತುತ್ತಿದ್ದರು. ಸಾಮಾನ್ಯ ಮನೆಯ ಚಹಾ ಚಮಚದ ಮೇಲೂ ಇದು ಇರುತ್ತಿತ್ತು. ನಮಗೆ ಇದರಿಂದ ಉಪಯೋಗವೆಂದರೆ, ಕಾಲ ಈ ನೂರು ವರ್ಷಗಳೊಳಗೆ ಸಿಕ್ಕಿಬೀಳುತ್ತದೆ. ಪಟ್ಟಾಭಿಷೇಕ, ಜಯಂತ್ಯುತ್ಸವದಂಥ ಸಂದರ್ಭಗಳಲ್ಲಿ 20ನೇ ಶತಮಾನದಲ್ಲೂ ನೆನಪಿಗಾಗಿ ತಲೆ ಒತ್ತಿದ್ದುಂಟು. ಹಾಗಾಗಿ ವರ್ಷದ ಅಕ್ಷರದ ಜತೆ ತಾಳೆ ನೋಡಬೇಕು.

*5. ತಯಾರಕರ ಗುರುತು.* ಚೌಕಟ್ಟಿನೊಳಗೆ ಎರಡು ಅಥವಾ ಹೆಚ್ಚು ಇನಿಷಿಯಲ್‌ಗಳು. 1363ರಿಂದ ಕಡ್ಡಾಯ. ಮೊದಲೆಲ್ಲ ಓದುಬರಹ ಬಾರದವರೇ ಹೆಚ್ಚಾದ್ದರಿಂದ ಮೀನು, ನಕ್ಷತ್ರದಂಥ ಚಿತ್ರಗಳಿದ್ದವು, ಅಕ್ಷರಗಳು ಆಮೇಲೆ ಬಂದವು. ಇದು ಸಾಮಾನನ್ನು ಕೈಯಾರೆ ಮಾಡಿದವನದೇ ಆಗಿರಬೇಕೆಂದಿಲ್ಲ. ಪರೀಕ್ಷೆಗೆ ಕಳಿಸಿ ಅದರ ಹೊಣೆ ಹೊತ್ತ ಮಾಲೀಕ ಅಥವಾ ಕಂಪನಿಯದು.

ಒಂದು ಲೆಕ್ಕ ಬಿಡಿಸೋಣ

ಒಂದು ಚಮಚದ ಹಿಂದೆ ನಡೆಯುವ ಸಿಂಹ, ಕಿರೀಟವಿರುವ ಚಿರತೆ ತಲೆ, ಸಣ್ಣ 'ಎ', ರಾಜನ ತಲೆ, 'ಪಿಎಸ್' ಇವೆ ಎಂದುಕೊಳ್ಳಿ.

ಸಿಂಹ ಇದೆ, ಸ್ಟರ್ಲಿಂಗ್. ಚಿರತೆ ಇದೆ, ಲಂಡನ್. ಲಂಡನ್ನಿನಲ್ಲಿ ಸಣ್ಣ 'ಎ' 1776, 1816, 1856, 1896ರ ಸುತ್ತುಗಳಲ್ಲೆಲ್ಲ ಬಂದಿದೆ. ತೆರಿಗೆಯ ತಲೆ ಇರುವುದರಿಂದ 1776 ಮತ್ತು 1896 ಬಿದ್ದುಹೋದವು. ಉಳಿದದ್ದು 1816 ಮತ್ತು 1856. ಲಂಡನ್ನಿನ ಚಿರತೆ 1821ರಲ್ಲಿ ಕಿರೀಟ ಕಳೆದುಕೊಂಡಿತು. ನಮ್ಮ ಚಿರತೆಗೆ ಕಿರೀಟವಿದೆ. ಹಾಗಾದರೆ 1816-17. ಆ ಕಾಲದ ಲಂಡನ್ನಿನ 'ಪಿಎಸ್' ಎಂದರೆ ಹೆಸರಾಂತ ಅಕ್ಕಸಾಲಿಗ ಪಾಲ್ ಸ್ಟೋರ್ ಆಗಿರಬಹುದು. ಆದರೆ ಅದನ್ನು ದಾಖಲೆಯಲ್ಲಿರುವ ಅವನ ಮುದ್ರೆಯ ಆಕಾರದ ಜತೆ ಹೋಲಿಸಿದ ಮೇಲೆಯೇ ಹೇಳಬೇಕು. ಒಂದೇ ಇನಿಷಿಯಲ್ ಹಲವರಿಗೆ ಇರುತ್ತದೆ.

ಇದೇ ದಾರಿಯಲ್ಲಿ ಸುಳ್ಳನ್ನೂ ಹಿಡಿಯಬಹುದು. ಲಂಡನ್ನಿನ ಹೆಸ್ಟರ್ ಬೇಟ್‌ಮನ್ ಎಂಬ ಮಹಿಳೆ 1761ರಲ್ಲಿ 'ಎಚ್‌ಬಿ' ಗುರುತು ನೋಂದಾಯಿಸಿ 1790ರಲ್ಲಿ ನಿವೃತ್ತಳಾದಳು. ಕಿರೀಟವಿಲ್ಲದ ಚಿರತೆಯ ಪಕ್ಕದಲ್ಲಿ 'ಎಚ್‌ಬಿ' ಇದ್ದರೆ, ಮಾರುವವನು ಏನೇ ಹೇಳಲಿ, ಅದು ಆಕೆಯದ್ದಲ್ಲ.

ಮೋಸ ಹೋಗುವುದು ಇಲ್ಲಿ: ಮುಲಾಮಿನ ಸಾಮಾನು

1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಸಂಸ್ಥೆ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಅಲ್ಲಿಂದ ಮುಂದೆ ಲೇಪನದ ಸಾಮಾನು ರಾಶಿರಾಶಿಯಾಗಿ ಬಂತು. ಅವುಗಳ ಮೇಲೂ ಚೌಕಟ್ಟಿನೊಳಗೆ ಸಾಲಾಗಿ ಅಕ್ಷರಗಳು, ಕೆಲವೊಮ್ಮೆ ಕಿರೀಟ, ಗುರಾಣಿ ಇರುತ್ತವೆ. ದೂರದಿಂದ ಥೇಟ್ ಹಾಲ್‌ಮಾರ್ಕ್!

'ಇಪಿಎನ್‌ಎಸ್' ಎಂದಿದ್ದರೆ ಅದು ನಿಕಲ್ ಸಿಲ್ವರ್ ಮೇಲೆ ಬೆಳ್ಳಿ ಲೇಪನ. 'ಇಪಿಬಿಎಂ' ಎಂದರೆ ತವರ ಪ್ರಧಾನವಾದ ಬ್ರಿಟಾನಿಯಾ ಲೋಹದ ಮೇಲೆ ಲೇಪನ. 'ಎ1' ಎಂಬುದು ಲೇಪನದ ದರ್ಜೆ. ನಿಕಲ್ ಸಿಲ್ವರ್ ಎಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ. ನಮ್ಮ ಅಂಗಡಿಗಳಲ್ಲಿ ಪೂಜೆ ತಟ್ಟೆ, ಕುಂಕುಮ ಬಟ್ಟಲು ಎಂದು ಮಾರುವ 'ಜರ್ಮನ್ ಸಿಲ್ವರ್' ಇದೇ. ಹೆಸರಿನಲ್ಲಿ ಸಿಲ್ವರ್ ಇದೆ, ಲೋಹದಲ್ಲಿ ಬೆಳ್ಳಿ ಇಲ್ಲ.

ಇನ್ನೊಂದು ಸುಳಿವು: 'ವಿಕ್ಟೋರಿಯಾ ಕಾಲದ್ದು' ಎನ್ನುವ ಬ್ರಿಟಿಷ್ ಸಾಮಾನಿನ ಮೇಲೆ ಬರೀ '925' ಎಂಬ ಅಂಕಿ ಇದ್ದರೆ ನಂಬಬೇಡಿ. ಬ್ರಿಟನ್ನಿನಲ್ಲಿ ಆ ಅಂಕಿ ಕಡ್ಡಾಯವಾದದ್ದು 1999ರಲ್ಲಿ.

ಅಸಲಿ ಮುದ್ರೆ, ನಕಲಿ ಸಾಮಾನು

ಇದೂ ಉಂಟು. 18ನೇ ಶತಮಾನದಲ್ಲಿ ಸುಂಕ ತೂಕದ ಮೇಲಿತ್ತು. ಹಾಗಾಗಿ ಕೆಲವರು ಚಿಕ್ಕ ಸಾಮಾನಿಗೆ ಮುದ್ರೆ ಹಾಕಿಸಿ, ಆ ತುಂಡನ್ನು ಕತ್ತರಿಸಿ ದೊಡ್ಡ ಪಾತ್ರೆಗೆ ಬೆಸೆಯುತ್ತಿದ್ದರು. ಮುದ್ರೆಯ ಸುತ್ತ ತೆಳುವಾದ ಬೆಸುಗೆ ಗೆರೆ ಕಂಡರೆ ಅನುಮಾನಿಸಿ. ಮುಚ್ಚಳದಂಥ ಬಿಡಿ ಭಾಗದ ಮೇಲೆ ಗುರುತುಗಳೇ ಇಲ್ಲದಿದ್ದರೆ, ಅಥವಾ ಬೇರೆ ವರ್ಷದ ಅಕ್ಷರವಿದ್ದರೆ, ಅದು ಆಮೇಲೆ ಸೇರಿಸಿದ್ದಿರಬಹುದು. ಹಾಲ್‌ಮಾರ್ಕ್ ನಕಲು ಮಾಡುವುದು ಬ್ರಿಟನ್ನಿನಲ್ಲಿ ಇಂದಿಗೂ 10 ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ.

ಸಿಂಹ ಇಲ್ಲದಿದ್ದರೆ ಬೆಳ್ಳಿಯಲ್ಲವೇ?

ಹಾಗೇನಿಲ್ಲ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲೇ ಮಾಡಿದ ಬೆಳ್ಳಿಗೆ ಇಂಥ ಕಡ್ಡಾಯ ಪರೀಕ್ಷೆ ಇರಲಿಲ್ಲ. ಮದ್ರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್ ಅಂಡ್ ಕಂಪನಿ, ಬೆಂಗಳೂರಿನ ಬಾರ್ಟನ್, ಸನ್ ಅಂಡ್ ಕಂಪನಿ ಮುಂತಾದವು ತಮ್ಮ ಹೆಸರನ್ನೋ ಇನಿಷಿಯಲ್‌ಗಳನ್ನೋ ಒತ್ತುತ್ತಿದ್ದವು. ದೇವರ ಉಬ್ಬುಚಿತ್ರಗಳಿರುವ ಮದ್ರಾಸಿನ 'ಸ್ವಾಮಿ' ಶೈಲಿಯ ಸಾಮಾನಿಗೆ ಇಂದು ಸಂಗ್ರಾಹಕರಲ್ಲಿ ಬೇಡಿಕೆಯಿದೆ. ನಮ್ಮಲ್ಲಿ ಬೆಳ್ಳಿಗೆ ಬಿಐಎಸ್ ಹಾಲ್‌ಮಾರ್ಕ್ ಬಂದದ್ದೇ 2005ರಲ್ಲಿ. ಹಾಗಾಗಿ ಸಿಂಹವಿಲ್ಲ, ಬಿಐಎಸ್ ಇಲ್ಲ ಎಂಬ ಕಾರಣಕ್ಕೇ ಅಜ್ಜಿಯ ಕಾಲದ ಪಾತ್ರೆಯನ್ನು ಕರಗಿಸಲು ಕೊಡಬೇಡಿ.

ಅಯಸ್ಕಾಂತ, ಮಂಜುಗಡ್ಡೆ ಪರೀಕ್ಷೆ?

ಬೆಳ್ಳಿ ಅಯಸ್ಕಾಂತಕ್ಕೆ ಅಂಟದು, ನಿಜ. ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಕೂಡ ಅಂಟವು. ಅಂಟಿದರೆ ಬೆಳ್ಳಿಯಲ್ಲ ಎನ್ನಬಹುದು, ಅಷ್ಟೇ. ಬೆಳ್ಳಿಯ ಮೇಲೆ ಮಂಜುಗಡ್ಡೆ ಬೇಗ ಕರಗುತ್ತದೆ, ಏಕೆಂದರೆ ಅದು ಶಾಖವನ್ನು ಚೆನ್ನಾಗಿ ಹರಿಸುತ್ತದೆ. ಬೆಳ್ಳಿ ಲೇಪಿಸಿದ ತಾಮ್ರದ ಮೇಲೂ ಹಾಗೇ ಕರಗುತ್ತದೆ.

ನೀವು ಮಾಡಬೇಕಾದ್ದು

- ಮುದ್ರೆಯ ಜಾಗವನ್ನು ಹುಣಸೆಹಣ್ಣು, ಬೂದಿ, ಪುಡಿ ಹಾಕಿ ಉಜ್ಜಬೇಡಿ. ಮುದ್ರೆ ಸವೆದರೆ ಆಧಾರವೇ ಹೋದಂತೆ. ಒದ್ದೆ ಮೆತ್ತನೆ ಬಟ್ಟೆ ಸಾಕು.
- ಬೆಳಕು ಪಕ್ಕದಿಂದ ಬೀಳುವಂತೆ ಇಟ್ಟು, ಮೊಬೈಲಿನಲ್ಲಿ ಹತ್ತಿರದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.
- ಮೊದಲು ಶುದ್ಧತೆ, ಆಮೇಲೆ ಊರು, ಆಮೇಲೆ ವರ್ಷ, ಕೊನೆಗೆ ತಯಾರಕ. ಈ ಕ್ರಮ ಬಿಡಬೇಡಿ.
- ಎಲ್ಲ ಗುರುತುಗಳೂ ಒಂದೇ ಕಾಲವನ್ನು ಹೇಳುತ್ತವೆಯೇ ನೋಡಿ. ಒಂದು ತಾಳೆಯಾಗದಿದ್ದರೂ ಹಣ ಕೊಡಬೇಡಿ.
- ಮಾರುವ ಮುನ್ನ ಎಕ್ಸ್‌ರೇ ಯಂತ್ರವಿರುವ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಶುದ್ಧತೆ ತಿಳಿದುಕೊಳ್ಳಿ. ಯಂತ್ರ ಮೇಲ್ಮೈಯನ್ನಷ್ಟೇ ಓದುತ್ತದೆ, ಹಾಗಾಗಿ ಲೇಪನದ ಅನುಮಾನವಿದ್ದರೆ ಮೊದಲೇ ಹೇಳಿ.

ತೀರ್ಮಾನ

'ಸಿಂಹ ಇದ್ದರೆ ಲಕ್ಷ ಬೆಲೆ' ಎಂಬುದು ದಾರಿ ತಪ್ಪಿಸುವ ಮಾತು. ಸಿಂಹ ಹೇಳುವುದು ಶುದ್ಧತೆಯನ್ನು ಮಾತ್ರ, ಅದೂ ಉಳಿದ ಗುರುತುಗಳು ಜತೆಗಿದ್ದಾಗ. ಬೆಲೆಯನ್ನು ನಿರ್ಧರಿಸುವುದು ತಯಾರಕ, ಕಾಲ, ಸಾಮಾನಿನ ಸ್ಥಿತಿ ಮತ್ತು ಕೊಳ್ಳುವವರ ಆಸಕ್ತಿ. ಎಷ್ಟೋ ಹಳೇ ಚಮಚಗಳು ಬೆಳ್ಳಿಯ ತೂಕಕ್ಕಿಂತ ತುಸು ಹೆಚ್ಚಷ್ಟೇ ಬಾಳುತ್ತವೆ. ಮುಂದಿನ ಸಲ ಅಂಥ ಫೋಟೋ ಬಂದಾಗ, ಹಂಚುವ ಮುನ್ನ ಕಳಿಸಿದವರನ್ನು ಕೇಳಿ: ಸಿಂಹದ ಪಕ್ಕದಲ್ಲಿ ಇನ್ನೇನಿದೆ?