ಕೊಳ್ಳೇಗಾಲ ಸೀಮೆಯ ಸೇವಕರಿಗೆ ಕೆಲವು ಕ್ರೈಸ್ತ ಲೇಖಕರು

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಸಭೆಗಳಿಗೆ ಸೇವೆಗಾಗಿ ತೆರಳುವ ಗುರುಗಳೂ ಸಭಾಪಾಲಕರೂ ಯಾವ ಕ್ರೈಸ್ತ ಲೇಖಕರನ್ನು ಓದಿರಬೇಕು? ಅಗಸ್ಟೀನ್, ಅಕ್ವೀನಾಸ್, ಲೂಥರ್, ಬಾರ್ತ್ ಎಂದು ಗ್ರಂಥಾಲಯದ ಕಪಾಟನ್ನು ತೋರಿಸುವುದು ಸುಲಭ. ಅವರನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಉಪದೇಶವನ್ನು ಆಲಿಸುವ ಜನರ ಕಿವಿ ಬೇರೆ ಕಥನಗಳಲ್ಲಿ ಪಳಗಿದೆ. ಆ ಕಿವಿಯನ್ನು ಅರಿಯಲು ಯತ್ನಿಸಿದ ಲೇಖಕರನ್ನು, ಒಂದೊಂದು ಪ್ರಕಾರಕ್ಕೆ ಒಬ್ಬಿಬ್ಬರಂತೆ, ಚರಿತ್ರೆಯ ಹಿನ್ನೆಲೆಯಲ್ಲಿ ಇಲ್ಲಿ ಪರಿಚಯಿಸುತ್ತೇವೆ.

ಮೊದಲು ಸೀಮೆಯ ಸ್ವರೂಪವನ್ನು ನೋಡೋಣ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕೊಳ್ಳೇಗಾಲವು ಕಂಪನಿಯ ವಶವಾಗಿ, ಮುಂದೆ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿ 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಮದರಾಸಿನ ಆಡಳಿತದಲ್ಲಿತ್ತು. ಪಕ್ಕದ ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು ಮೈಸೂರಿನಲ್ಲೇ ಉಳಿಯಿತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದಾಗ ಇವೆಲ್ಲ ಒಂದೇ ಜಿಲ್ಲೆಗೆ ಸೇರಿದವು. ಹನೂರಿನ ಮಾರ್ಟಳ್ಳಿಯ ಕಡೆಯ ಕಥೋಲಿಕ ಕುಟುಂಬಗಳ ಮನೆಮಾತು ತಮಿಳು. ಸುತ್ತಲಿನ ಹಳ್ಳಿಗಳಲ್ಲಿ ಕಂಸಾಳೆಯವರು ಮಲೆಯ ಮಾದೇಶ್ವರನ ಕಥೆಯನ್ನೂ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ರಾತ್ರಿಯಿಡೀ ಹಾಡುತ್ತಾರೆ. ಯಳಂದೂರು 17ನೆಯ ಶತಮಾನದ ಷಡಕ್ಷರದೇವನ ಹಾಗೂ ಸಂಚಿಯ ಹೊನ್ನಮ್ಮನ ನೆನಪನ್ನು ಉಳಿಸಿಕೊಂಡ ಊರು. ಹೀಗೆ ಎರಡು ಭಾಷೆಗಳ ಮತ್ತು ಬಲವಾದ ಮೌಖಿಕ ಪರಂಪರೆಯ ನಡುವೆ ಇಲ್ಲಿನ ಸಭೆ ಬಾಳುತ್ತಿದೆ.

ಷಡಕ್ಷರದೇವನು ಕಾವ್ಯ ಬರೆಯುತ್ತಿದ್ದ ಕಾಲದಲ್ಲಿಯೇ ಇಟಲಿಯ ಯೇಸುಸಭೆಯ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರು ಕನ್ನಡದಲ್ಲಿ ಧರ್ಮೋಪದೇಶವನ್ನೂ ಸಂತರ ಚರಿತೆಗಳನ್ನೂ ಬರೆದರು. ಕನ್ನಡಕ್ಕೆ ವ್ಯಾಕರಣ ಮತ್ತು ಶಬ್ದಕೋಶಗಳನ್ನು ಸಿದ್ಧಪಡಿಸಿದರು. ಆ ಮೈಸೂರು ಮಿಷನ್ನಿನ ಕಾರ್ಯ ಸತ್ಯಮಂಗಲದವರೆಗೂ ಹಬ್ಬಿತ್ತು. ನಮ್ಮ ಸೀಮೆ ಆ ಎರಡು ಕೇಂದ್ರಗಳ ನಡುವಿನದು. ಚಿನ್ನಾಮಿಯವರನ್ನು ನಾವು ಮೊದಲ ಹೆಸರಾಗಿ ಸೂಚಿಸುವುದು ಅವರು ಹಿಡಿದ ಕ್ರಮಕ್ಕಾಗಿ. ಜನರ ವ್ಯಾಕರಣವನ್ನು ಕಲಿಯುವುದೂ ಉಪದೇಶದ ಒಂದು ಅಂಗವೆಂದು ಅವರು ತಿಳಿದಿದ್ದರು.

ಸಮಾಜವರ್ಣನೆಯ ಪ್ರಕಾರದಲ್ಲಿ ಅಬ್ಬೆ ದ್ಯುಬುವಾ ಅವರನ್ನು ಓದಬೇಕು, ಆದರೆ ಎಚ್ಚರದಿಂದ ಓದಬೇಕು. 1799ರ ನಂತರ ಮೈಸೂರು ಸೀಮೆಯ ಕಥೋಲಿಕರ ನಡುವೆ ದುಡಿದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅವರ ಗ್ರಂಥವು ಹಿಂದೂಗಳ ನಡೆನುಡಿ ಆಚಾರಗಳನ್ನು ಕುರಿತದ್ದು. 1816ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರ ಬಹುಭಾಗವು ಹಿಂದಿನ ಯೇಸುಸಭೆಯ ಗುರು ಕೇರ್ದೂ ಅವರ ಬರಹವನ್ನು ಆಧರಿಸಿದೆಯೆಂದು ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿದರು. ಜನರೊಡನೆ ಅಷ್ಟು ವರ್ಷ ಬಾಳಿದವರೂ ಕಂಡದ್ದನ್ನು ಬಿಟ್ಟು ಕಪಾಟಿನ ಹಸ್ತಪ್ರತಿಗೆ ಮೊರೆಹೋಗಬಹುದೆಂಬುದು ಪ್ರತಿಯೊಬ್ಬ ಸೇವಕನಿಗೂ ಪಾಠ.

ಭಾಷಾಂತರ ಮತ್ತು ಕೋಶಗಳ ಕ್ಷೇತ್ರದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಅವರನ್ನು ಮರೆಯಲಾಗದು. ಲಂಡನ್ ಮಿಷನ್ನಿನ ಅವರ ದೀರ್ಘ ಶ್ರಮದಿಂದ 1831ರ ಹೊತ್ತಿಗೆ ಇಡೀ ಸತ್ಯವೇದವು ಕನ್ನಡಕ್ಕೆ ಬಂದಿತು. ಆದರೆ ಪ್ರತಿದಿನವೂ ತೆರೆಯಬೇಕಾದ ಗ್ರಂಥವೆಂದರೆ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು. ಸುಮಾರು 70,000 ಪದಗಳ ಆ ಕೋಶವು ಮೈಸೂರು ಸೀಮೆಯ ಬಳಕೆಗಳನ್ನು ಪ್ರತ್ಯೇಕವಾಗಿ ಗುರುತಿಸುತ್ತದೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಜಾತಿ ಪದಗಳನ್ನೂ ಕೊಡುತ್ತದೆ. ಕನ್ನಡದಲ್ಲಿ ಬೋಧಿಸಿ ತಮಿಳು ಮನೆಗಳಲ್ಲಿ ಪ್ರಾರ್ಥಿಸಬೇಕಾದ ಗುರುವಿಗೆ ಇದಕ್ಕಿಂತ ಉಪಯುಕ್ತವಾದ ನೆರವು ವಿರಳ.

ಕಾವ್ಯದಲ್ಲಿಯೂ ಕಿಟ್ಟೆಲ್ ಅವರೇ ದಾರಿ ತೋರಿದರು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಚರಿತೆಯನ್ನು ಅವರು ದೇಶೀಯ ಛಂದಸ್ಸಿಗೆ ಅಳವಡಿಸಿದರು. ಹೊನ್ನಮ್ಮನ ಸಾಂಗತ್ಯವನ್ನು ಕೇಳಿದ ಕಿವಿಗೆ ಸುವಾರ್ತೆಯೂ ಪದ್ಯವಾಗಿಯೇ ತಲಪಬೇಕೆಂಬುದು ನ್ಯಾಯವಾದ ಎಣಿಕೆ. ತಮಿಳಿನಲ್ಲಿ ಈ ಕಾರ್ಯ ಇನ್ನೂ ಹಳೆಯದು. ವೀರಮಾಮುನಿವರ್ ಎಂದು ಹೆಸರಾದ ಬೆಸ್ಕಿಯವರ ‘ತೇಂಬಾವಣಿ’ ಸಂತ ಜೋಸೆಫರನ್ನು ನಾಯಕನನ್ನಾಗಿಸಿದ 18ನೆಯ ಶತಮಾನದ ಮಹಾಕಾವ್ಯ. ರೂಪಕಕಥೆಯಲ್ಲಿ ಎರಡು ಭಾಷೆಗಳೂ ಒಂದೆಡೆ ಕೂಡುತ್ತವೆ: ಜಾನ್ ಬನ್ಯನ್ನನ ಯಾತ್ರಿಕನನ್ನು ಬಾಸೆಲ್ ಮಿಷನ್ನಿನವರು ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ತಂದರು, ಕೃಷ್ಣಪಿಳ್ಳೆಯವರು ಅದೇ ಕಥೆಯನ್ನು 1894ರಲ್ಲಿ ‘ರಕ್ಷಣ್ಯ ಯಾತ್ರಿಕಂ’ ಎಂಬ ತಮಿಳು ಕಾವ್ಯವನ್ನಾಗಿಸಿದರು. ಮಾದೇಶ್ವರನ ಬೆಟ್ಟಕ್ಕೆ ನಡೆದುಹೋಗುವ ಪರಸೆಯನ್ನು ವರ್ಷವರ್ಷವೂ ಕಾಣುವ ಜನರಿಗೆ ಯಾತ್ರೆಯ ರೂಪಕವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಸಂಪಾದನೆಯೂ ಕ್ರೈಸ್ತ ಸಾಕ್ಷಿಯ ಒಂದು ಪ್ರಕಾರವೆಂದು ನಾವು ಎಣಿಸುತ್ತೇವೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದ ಹೆರ್ಮನ್ ಮ್ಯೋಗ್ಲಿಂಗ್ ಅವರು 1848ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಅಚ್ಚುಹಾಕಿಸಿದರು. ಪರಧರ್ಮದ ಕಾವ್ಯವನ್ನು ಖಂಡಿಸುವ ಮುನ್ನ ಓದಬೇಕೆಂಬ ಶಿಸ್ತು ಅಲ್ಲಿ ಮೊದಲಾಯಿತು. ಅದನ್ನು ಪ್ರೀತಿಯಾಗಿ ಮಾಗಿಸಿದವರು ಧಾರವಾಡದಲ್ಲಿ ಜನಿಸಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಸರ್ವಜ್ಞನ ತ್ರಿಪದಿಗಳನ್ನು ವರ್ಷಗಟ್ಟಲೆ ಕಲೆಹಾಕಿ 1924ರಲ್ಲಿ ಪ್ರಕಟಿಸಿದ ಈ ಸಭಾಪಾಲಕರನ್ನು ಕನ್ನಡನಾಡು 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕೂಡಿಸಿತು. ಅವರು ಅದಕ್ಕಾಗಿ ತಮ್ಮ ವಿಶ್ವಾಸವನ್ನು ಮರೆಮಾಡಬೇಕಾಗಲಿಲ್ಲ.

ಕಾದಂಬರಿಯಲ್ಲಿ ಸಾಗರದ ನಾ. ಡಿಸೋಜ ಅವರನ್ನು ಶಿಫಾರಸು ಮಾಡುತ್ತೇವೆ. ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಸಣ್ಣ ಕಥೋಲಿಕ ಸಮುದಾಯದ ಬಾಳನ್ನು ಚಿತ್ರಿಸಿದರೆ, ‘ದ್ವೀಪ’ ಅಣೆಕಟ್ಟಿನ ನೀರಿಗೆ ನೆಲೆ ಕಳೆದುಕೊಳ್ಳುವವರ ಕಥೆ. ಎರಡನೆಯದರಲ್ಲಿ ಇಗರ್ಜಿಯ ಮಾತಿಲ್ಲ. ಆದರೂ ನೆರೆಯವನು ಯಾರೆಂಬ ಪ್ರಶ್ನೆಯನ್ನು ಅದು ಎತ್ತುತ್ತದೆ. ತಮಿಳಿನ ಮೊದಲ ಕಾದಂಬರಿಯೆಂದು ಗಣಿಸಲ್ಪಟ್ಟ 1879ರ ‘ಪ್ರತಾಪ ಮುದಲಿಯಾರ್ ಚರಿತ್ರಂ’ ಕೂಡ ಕಥೋಲಿಕ ಲೇಖಕ ವೇದನಾಯಕಂ ಪಿಳ್ಳೆಯವರದೇ.

ಈ ಲೇಖಕರಲ್ಲಿ ಮತಭೇದವಿದೆ, ಕಾಲಭೇದವಿದೆ. ಕೆಲವರ ತೀರ್ಪುಗಳನ್ನು ನಾವಿಂದು ಒಪ್ಪಲಾರೆವು. ಆದರೆ ಇವರಲ್ಲಿ ಶ್ರೇಷ್ಠರಾದವರು ಮೊದಲು ಶಿಷ್ಯರಾಗಿ, ಆಮೇಲೆ ಬೋಧಕರಾದರು. ಈ ಸೀಮೆಯ ಸಭೆಯಲ್ಲಿ ಇಂದು ಅಪಾಯಕ್ಕೆ ಸಿಲುಕಿರುವುದು ಆ ಅನುಕ್ರಮವೇ. ಪರಭಾಷೆಯಲ್ಲಿ ಯೋಚಿಸಿ ಕನ್ನಡದಲ್ಲಿ ಒಪ್ಪಿಸುವ ಉಪದೇಶವನ್ನು ಜನರು ಮರ್ಯಾದೆಯಿಂದ ಕೇಳಿಯಾರು, ಹೃದಯಕ್ಕೆ ಇಳಿಸಿಕೊಳ್ಳಲಾರರು. ಆದಕಾರಣ ಹೊಸದಾಗಿ ಹೊರಡುವ ಸೇವಕರು ಮೊದಲ ವರ್ಷ ಕಿಟ್ಟೆಲ್ ಅವರ ಕೋಶವನ್ನು ಮೇಜಿನ ಮೇಲಿಟ್ಟು, ಉತ್ತಂಗಿಯವರ ಸರ್ವಜ್ಞನನ್ನೂ ಡಿಸೋಜರ ಒಂದು ಕಾದಂಬರಿಯನ್ನೂ ಓದಲಿ. ಬಿಡುವಿನಲ್ಲಿ ತಮಿಳು ಅಕ್ಷರಗಳನ್ನು ಕಲಿಯಲಿ. ನೀಲಗಾರರ ಹಾಡಿಗೆ ಒಂದು ರಾತ್ರಿಯಾದರೂ ಕಿವಿಗೊಡಲಿ. ವಾಕ್ಯವು ಶರೀರಧಾರಿಯಾಯಿತೆಂದು ಸಾರುವವರಿಗೆ ಆ ಶರೀರದ ಭಾಷೆಯನ್ನು ಕಲಿಯುವುದು ಮೊದಲ ಕರ್ತವ್ಯ.